ಗೂಡ್ಸ್ ಗಾಡಿ ದಾಟುವ ತನಕ

ದೆವ್ವದ ಕಥೆ ಬರೆಯುವ ಹೆಂಗಸು ಅಂದರೆ ಜನಕ್ಕೆ ಮೊದಲು ನಗು ಬರುತ್ತದೆ, ಆಮೇಲೆ ಒಂದು ಪ್ರಶ್ನೆ ಬರುತ್ತದೆ. ಓದುವವರಿಗೆ ಅಷ್ಟೊಂದು ಭಯ ಹುಟ್ಟಿಸುವುದು ಹೇಗೆ, ಅದನ್ನು ಎಲ್ಲಿ ಕಲಿತಿರಿ? ಹಿರಿಯೂರಿನ ಶಾಲೆಯೊಂದರಲ್ಲಿ ಮಕ್ಕಳಿಗೆ ಮಗ್ಗಿ ಬಾಯಿಪಾಠ ಮಾಡಿಸುತ್ತಲೇ ತಲೆ ಬೆಳ್ಳಗಾದವಳು ನಾನು. ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಜಾರಿಕೊಳ್ಳುವವರನ್ನು ಕಂಡರೆ ನನಗೆ ಆಗದು. ಆದರೂ ಈ ಒಂದು ಪ್ರಶ್ನೆಗೆ ಇಷ್ಟು ವರ್ಷ ಸುಳ್ಳನ್ನೇ ಹೇಳಿಕೊಂಡು ಬಂದಿದ್ದೇನೆ. ಓದಿ ಓದಿ ಬಂತು ಅಂದಿದ್ದೇನೆ, ದೇವರು ಕೊಟ್ಟದ್ದು ಅಂದಿದ್ದೇನೆ. ನಾನು ಅದನ್ನು ಕಲಿತದ್ದು ಚಿಕ್ಕಜಾಜೂರಿನ ನಮ್ಮ ಮನೆಯ ನಡುಮನೆಯಲ್ಲಿ, ಬೇಸಿಗೆ ರಜೆಯ ಮಟಮಟ ಮಧ್ಯಾಹ್ನಗಳಲ್ಲಿ, ಬಿತ್ತನೆ ಶೇಂಗಾ ಬಿಡಿಸುತ್ತಾ. ಕಲಿಸಿದವಳು ಅಪ್ಪನ ಅಕ್ಕ ತಿಪ್ಪತ್ತೆ. ಅವಳಿಗೆ ನಾನು ಕೊಟ್ಟ ಗುರುದಕ್ಷಿಣೆ ಎಂಥದ್ದು ಎಂದು ಹೇಳದೆ ನನ್ನ ನೆನಪುಗಳ ಈ ಪುಸ್ತಕ ಮುಂದಕ್ಕೆ ಹೋಗುವುದಿಲ್ಲ.

ಅಪ್ಪ ರೈಲ್ವೆಯಲ್ಲಿ ಗಾಡಿಗಳಿಗೆ ಹಳಿ ತಿರುಗಿಸಿ ಕೊಡುವ ಪಾಯಿಂಟ್ಸ್‌ಮನ್. ಸ್ಟೇಷನ್ನಿನ ಹಿಂದೆ, ಹಳಿಗೂ ಹಿತ್ತಲಿಗೂ ಒಂದು ಜಾಲಿಬೇಲಿ ಮಾತ್ರ ಅಡ್ಡವಿದ್ದ ಹೆಂಚಿನ ಮನೆ ನಮ್ಮದು. ಬೀದಿ ಬಾಗಿಲು ದಾಟಿದರೆ ನಡುಮನೆ, ಅದರ ಬೆನ್ನಿಗೆ ಅಡುಗೆಕೋಣೆ, ಅಲ್ಲಿಂದ ಎರಡು ಮೆಟ್ಟಿಲು ಇಳಿದರೆ ಹಿತ್ತಲು. ಹಿತ್ತಲ ಮೂಲೆಯಲ್ಲಿ ತಗಡು ಹೊದಿಸಿದ ಬಚ್ಚಲು, ಪಕ್ಕದಲ್ಲೊಂದು ಬಟ್ಟೆ ಒಗೆಯುವ ಕಲ್ಲು. ಬಳ್ಳಾರಿ ಕಡೆಯಿಂದ ಅದಿರು ಹೊತ್ತ ಗೂಡ್ಸ್ ಗಾಡಿ ಬಂದರೆ ಅಡುಗೆಕೋಣೆಯ ಸ್ಟೀಲಿನ ಲೋಟಗಳು ಒಂದಕ್ಕೊಂದು ತಗುಲಿ ಗಿಣಿಗಿಣಿ ಅನ್ನುತ್ತಿದ್ದವು. ಒಗೆದು ಹಾಕಿದ ಬಿಳಿ ಬಟ್ಟೆಯ ಮೇಲೆ ಕೆಂಪು ಧೂಳು ಕೂರುತ್ತಿತ್ತು. ಅಮ್ಮ ರೈಲ್ವೆ ಇಲಾಖೆಗೆ ಹಾಕುತ್ತಿದ್ದ ಶಾಪವೆಲ್ಲ ಅಪ್ಪನ ತಲೆಗೇ ಬೀಳುತ್ತಿತ್ತು. ಅವನು ಮುದ್ದೆ ಮುರಿಯುತ್ತಾ, ಅದಿರನ್ನು ತೊಳೆದು ಕಳಿಸಿ ಅಂತ ನಾಳೆ ಅರ್ಜಿ ಹಾಕುತ್ತೇನೆ ಅನ್ನುತ್ತಿದ್ದ. ತಿಪ್ಪತ್ತೆಯನ್ನು ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಗೆ ಕೊಟ್ಟಿದ್ದರು. ಗಂಡ ಸತ್ತ ಮೇಲೆ ಒಂದು ಕಬ್ಬಿಣದ ಟ್ರಂಕು ಹಿಡಿದು ತಮ್ಮನ ಮನೆಗೆ ಬಂದವಳು ಮತ್ತೆ ಆ ಊರಿನ ಹೆಸರು ಎತ್ತಲಿಲ್ಲ. ಅದು ಬರುತ್ತಿದ್ದದ್ದು ಅವಳ ಕಥೆಗಳಲ್ಲಿ ಮಾತ್ರ.

ಬಿತ್ತನೆಗೆಂದು ಇಟ್ಟ ಶೇಂಗಾವನ್ನು ಕೈಯಲ್ಲೇ ಬಿಡಿಸಬೇಕು. ಕೆಂಪು ಸಿಪ್ಪೆ ಕಿತ್ತರೆ ಅಥವಾ ಕಾಳು ಎರಡಾಗಿ ಬೇಳೆಯಾದರೆ ಅದು ಮೊಳೆಯುವುದಿಲ್ಲ. ಮುಂಗಾರಿಗೆ ಮೊದಲು ಊರಿನ ರೈತರು ಚೀಲಗಳನ್ನು ಮನೆಮನೆಗೆ ಇಳಿಸಿ ಹೋಗುತ್ತಿದ್ದರು. ಇಡೀ ಕಾಳು ಅವರದ್ದು, ಬೇಳೆಯಾದದ್ದು ಬಿಡಿಸಿದವರದ್ದು ಎಂಬುದು ಮೊದಲಿನಿಂದ ನಡೆದು ಬಂದ ಪದ್ಧತಿ. ಬೇಳೆ ಜಾಸ್ತಿಯಾದರೆ ಮಾತ್ರ ಮುಂದಿನ ಚೀಲ ಬೇರೆ ಮನೆಗೆ ಹೋಗುತ್ತಿತ್ತು. ಊಟವಾಗಿ ಅಮ್ಮ ಮಲಗಿದ ಮೇಲೆ ತಿಪ್ಪತ್ತೆ, ನಾನು, ಪಕ್ಕದ ಮನೆಯ ಫಾತಿಮಕ್ಕನ ಮಗಳು ಮುಮ್ತಾಜ್ ಮೂವರೂ ನಡುಮನೆಯಲ್ಲಿ ಮೊರ ಇಟ್ಟುಕೊಂಡು ಕೂರುತ್ತಿದ್ದೆವು. ಬೀದಿ ಬಾಗಿಲು ಮುಂದಕ್ಕೆ ಮಾಡಿರುತ್ತಿತ್ತು. ನಮ್ಮ ಕೈ ಓಡಲಿ ಎಂದು ಅತ್ತೆ ಕಥೆ ಶುರು ಮಾಡುತ್ತಿದ್ದಳು, ಮತ್ತು ಅದು ದೆವ್ವದ ಕಥೆಯೇ ಆಗಿರುತ್ತಿತ್ತು. ರಾಜಕುಮಾರಿಯ ಕಥೆ ಹೇಳು ಅಂದರೆ, ಅವಳು ಸತ್ತ ಮೇಲೆ ಹೇಳ್ತೀನಿ ಬಿಡು ಅನ್ನುತ್ತಿದ್ದಳು.

ಮೊದಮೊದಲು ಅವಳೂ ಎಲ್ಲರ ಹಾಗೆ ದೆವ್ವವನ್ನು ದಢಕ್ಕನೆ ಹೊರಗೆ ಹಾರಿಸುತ್ತಿದ್ದಳು. ಒಮ್ಮೆ ಹಾಗೆ ಹಾರಿಸಿದಾಗ ಮುಮ್ತಾಜಳೂ ನಾನೂ ಬೆಚ್ಚಿಬಿದ್ದು, ಹಿಡಿದ ಕಾಯನ್ನೆಲ್ಲ ಹಿಸುಕಿ, ಮೊರದ ತುಂಬ ಬೇಳೆ ಮಾಡಿಬಿಟ್ಟೆವು. ಶೇಂಗಾ ಕೊಟ್ಟ ರೈತ ಬಂದು ನೋಡಿ, ಇದೇನ್ರಿ ಒರಳಲ್ಲಿ ಕುಟ್ಟಿದೀರಾ ಅಂದ. ನಮ್ಮ ಮನೆಯಲ್ಲಿ ನಾಲ್ಕು ದಿನ ಶೇಂಗಾ ಚಟ್ನಿ ಗಟ್ಟಿಯಾಗಿತ್ತು. ಅತ್ತೆಗೆ ಅವಮಾನವಾಯಿತು. ಅವತ್ತಿನಿಂದ ಅವಳ ದೆವ್ವ ಹಾರುವುದನ್ನು ಬಿಟ್ಟಿತು. ಕೈ ಬೆಚ್ಚಬಾರದು, ಆದರೆ ಕೇಳುವವರು ಎದ್ದು ಹೋಗಲೂಬಾರದು; ಈ ಎರಡರ ನಡುವೆ ಅವಳು ಒಂದು ದಾರಿ ಹುಡುಕಿಕೊಂಡಳು.

ಕಥೆ ಯಾವಾಗಲೂ ನಮ್ಮ ಮನೆಯಿಂದಲೇ ಹೊರಡುತ್ತಿತ್ತು.

“ಇಂಥದ್ದೇ ಒಂದು ಮನೆ. ಹಿಂಗೇ ನಡುಮನೆ, ಹಿಂಗೇ ಎರಡು ಮೆಟ್ಲು. ಅದ್ರ ಹಿತ್ತಲ ಬಾಗ್ಲ ಚಿಲಕನೂ ಹಿಂಗೇ ಸಡ್ಲ.”

ನಮ್ಮ ಚಿಲಕ ನಿಜವಾಗಿಯೂ ಸಡಿಲವಿತ್ತು. ಅಪ್ಪ ಸರಿಮಾಡುತ್ತೇನೆ ಅಂದರೆ, ಇರ್ಲಿ ಬಿಡೋ ಅನ್ನುತ್ತಿದ್ದಳು. ಯಾಕೆಂದು ನನಗೆ ಬರೆಯಲು ಕೂತ ಮೇಲೆ ತಿಳಿಯಿತು. ಅವಳ ದೆವ್ವಕ್ಕೆ ಹಲ್ಲು, ಉಗುರು, ತಿರುಗಿದ ಪಾದ ಯಾವುದೂ ಇರಲಿಲ್ಲ. ಏನೋ ಒಂದು ಸಣ್ಣದು ಬೇಕಾಗಿರುತ್ತಿತ್ತು: ಒಂದು ಚೊಂಬು ನೀರು, ತಲೆಗೆ ಒಂದಿಷ್ಟು ಎಣ್ಣೆ, ಬೈತಲೆ ತೆಗೆಯುವವರು. ದೆವ್ವ ಬಾಗಿಲಿನ ತನಕ ಬರುವ ಹೊತ್ತಿಗೆ ಸರಿಯಾಗಿ ಗೂಡ್ಸ್ ಗಾಡಿ ಬರುತ್ತಿತ್ತು. ತಮ್ಮನ ಡ್ಯೂಟಿಯ ದೆಸೆಯಿಂದ ಅವಳಿಗೆ ಗಾಡಿಗಳ ಹೊತ್ತೆಲ್ಲ ಗೊತ್ತು. ಕಥೆಯನ್ನು ಅದಕ್ಕೆ ಹೊಂದಿಸಿ ಎಳೆಯುತ್ತಿದ್ದಳು ಎಂದೇ ನನ್ನ ಗುಮಾನಿ. ಗಾಡಿಯ ಸದ್ದಿನಲ್ಲಿ ಏನೂ ಕೇಳಿಸದು, ಅವಳು ಬಾಯಿ ಮುಚ್ಚಿ ಶೇಂಗಾ ಬಿಡಿಸುತ್ತಾ ಕೂರುತ್ತಿದ್ದಳು. ನಾವು ಆ ಸದ್ದಿನ ಮೇಲೇ ಗಾಡಿಯ ಡಬ್ಬಿಗಳನ್ನು ಎಣಿಸುತ್ತಿದ್ದೆವು. ಬಾಗಿಲ ಆಚೆ ಯಾರು ನಿಂತಿದ್ದಾರೆ ಎಂಬುದನ್ನು ಆ ಹೊತ್ತಿನಲ್ಲಿ ನಾವೇ ಕಟ್ಟಿಕೊಳ್ಳುತ್ತಿದ್ದೆವು, ಮತ್ತು ಅತ್ತೆ ಹೇಳಬಹುದಾಗಿದ್ದ ಯಾವ ದೆವ್ವಕ್ಕಿಂತಲೂ ಅದು ಕೆಟ್ಟದಾಗಿರುತ್ತಿತ್ತು. ಇವತ್ತಿಗೂ ನನ್ನ ಕಥೆಗಳಲ್ಲಿ ಬಾಗಿಲ ಮುಂದೆ ಒಂದು ಸಾಲು ಖಾಲಿ ಬಿಟ್ಟಿರುತ್ತೇನೆ. ಅದು ನನ್ನ ಗೂಡ್ಸ್ ಗಾಡಿ.

ಇನ್ನೊಂದು ಕಟ್ಟಳೆ ಇತ್ತು. ಕೇಳುವವರು ಹೂಂಗುಟ್ಟಬೇಕು. ನಾವು ಮೈಮರೆತು ಸುಮ್ಮನಾದರೆ ಅವಳು ಕಥೆ ನಿಲ್ಲಿಸುತ್ತಿದ್ದಳು.

“ಹೂಂ ಅನ್ರಲೇ. ನೀವು ಅನ್ಲಿಲ್ಲ ಅಂದ್ರೆ ಬ್ಯಾರೆ ಯಾರಾರ ಅಂತಾರೆ.”

ತಕ್ಷಣ ನಾವಿಬ್ಬರೂ ಒಟ್ಟಿಗೆ ಹೂಂ ಅನ್ನುತ್ತಿದ್ದೆವು.

ಅವಳ ಎಲ್ಲ ಕಥೆಗಳಲ್ಲೂ ನನ್ನೊಳಗೆ ಆಳವಾಗಿ ಇಳಿದದ್ದು ಮಧ್ಯಾಹ್ನದ ಹೆಂಗಸಿನ ಕಥೆ. ಯಲ್ಲದಕೆರೆಯಲ್ಲಿ ಒಬ್ಬಳು ಯಾರನ್ನೋ ಕೂಗುತ್ತಾ ಕೂಗುತ್ತಾ ಸತ್ತುಹೋದಳಂತೆ. ಊರೆಲ್ಲ ಉಂಡು ಮಲಗಿದ ಹೊತ್ತಿಗೆ ಅವಳು ಹಿತ್ತಲಲ್ಲಿ ನಿಂತು ಕರೆಯುತ್ತಾಳಂತೆ, ನಮಗೆ ಗೊತ್ತಿರುವವರ ದನಿಯಲ್ಲೇ. ಓಗೊಟ್ಟರೆ ಮುಗಿಯಿತು. ಪತ್ತೆ ಹಚ್ಚುವುದಕ್ಕೆ ಒಂದೇ ಉಪಾಯ.

“ಸತ್ತೋರಿಗೆ ಎರಡೇ ಉಸ್ರು ಕಣೇ. ಮೂರ್ನೇ ಕೂಗು ಬದುಕಿರೋರ್ದು. ಎರಡ್ನೇದು ಹೆಂಗಿರ್ತೈತೆ ಅಂದ್ರೆ…”

ಅಂದು ಅವಳು ಬಾಯಿಯ ಒಂದು ಪಕ್ಕವನ್ನು ಸಡಿಲ ಬಿಟ್ಟು, ನೀರೊಳಗಿಂದ ಕರೆದ ಹಾಗೆ, ನನ್ನ ಹೆಸರನ್ನು ಎಳೆದಳು. ವನಜೀ. ಮುಮ್ತಾಜ್ ನನ್ನ ತೊಡೆ ಚಿವುಟಿದಳು. ಟೀಚರಾಗುವವಳ ಲಕ್ಷಣ ನನಗೆ ಆಗಲೇ ಇತ್ತೇನೋ, ಒಂದು ಅನುಮಾನ ಕೇಳಿದೆ. ಬದುಕಿರುವವರೇ ಎರಡು ಸಲ ಕೂಗಿ ಸುಮ್ಮನಾದರೆ?

“ಆಗಲ್ಲ ಬಿಡು. ಬದುಕಿರೋರಿಗೆ ಬೇಕಾಗಿರ್ತೈತಲ್ಲ, ಮೂರ್ನೇ ಸಲ ಕೂಗೇ ಕೂಗ್ತಾರೆ.”

ಅಲ್ಲಿಂದ ನಾನು ಮೂರನೇ ಕೂಗಿಗೆ ಮೊದಲು ಯಾರಿಗೂ ಓಗೊಡುವುದನ್ನು ಬಿಟ್ಟೆ. ಅಮ್ಮ ಊಟಕ್ಕೆ ಕರೆದು ಕರೆದು ಸೌಟು ಹಿಡಿದೇ ನಡುಮನೆಗೆ ಬರುತ್ತಿದ್ದಳು. ನಾನೇನು ಸತ್ತಿದೀನೇನೇ, ಮೂರು ಸಲ ಗಂಟಲು ಹರ್ಕಳ್ಳಾಕೆ? ಎಂದು ನನ್ನನ್ನೂ, ಮಕ್ಕಳ ತಲೆ ಕೆಡಿಸ್ತೀಯ ಎಂದು ಅತ್ತೆಯನ್ನೂ ಒಟ್ಟಿಗೆ ಬೈಯುತ್ತಿದ್ದಳು. ಅತ್ತೆ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು. ಅವಳು ಮಾತ್ರ ನನ್ನನ್ನು ಕರೆಯುವಾಗ ಬೇಕೆಂದೇ ಎರಡು ಸಲ ಕೂಗಿ ನಿಲ್ಲಿಸಿ, ನಾನು ಉಸಿರು ಹಿಡಿದು ಕೂತಿರುವುದನ್ನು ಬಾಗಿಲ ಸಂದಿಯಿಂದ ನೋಡಿ, ಆಮೇಲೆ ಮೂರನೆಯದನ್ನು ಕೂಗುತ್ತಿದ್ದಳು. ನಮ್ಮಿಬ್ಬರಿಗೆ ಅದೊಂದು ಆಟವಾಯಿತು. ನನ್ನ ಬಾಲ್ಯದಲ್ಲಿ ಅಷ್ಟು ಇಷ್ಟದ ಆಟ ಬೇರೆ ಇರಲಿಲ್ಲ.

ಆ ವರ್ಷದ ಕೊನೆಯ ಚೀಲ ಬಿಡಿಸುತ್ತಿದ್ದ ದಿನ ಅಮ್ಮ ಹೊಳಲ್ಕೆರೆಗೆ ಹೋಗಿದ್ದಳು. ಅಪ್ಪ ಡ್ಯೂಟಿಯಲ್ಲಿದ್ದ. ಮುಮ್ತಾಜ್ ಅವರಮ್ಮನ ಜೊತೆ ಹೊಸದುರ್ಗದ ಮದುವೆಗೆ ಹೋಗಿ ಎರಡು ದಿನವಾಗಿತ್ತು. ಉಂಡಾದ ಮೇಲೆ ಅತ್ತೆ, ಎರಡು ಸೀರೆ ಹಿಂಡಿ ಬರ್ತೀನಿ, ಬಂದು ಕಥೆ ಹೇಳ್ತೀನಿ, ನೀನು ಬಿಡಿಸ್ತಿರು ಎಂದು ಹಿತ್ತಲಿಗೆ ಇಳಿದಳು. ಕಲ್ಲಿಗೆ ಬಟ್ಟೆ ಬಡಿಯುವ ಸದ್ದು ಕೇಳುತ್ತಿತ್ತು. ಆಮೇಲೆ ಅದು ನಿಂತಿತು. ಅದಾದ ಸ್ವಲ್ಪ ಹೊತ್ತಿಗೆ ಅವಳು ನನ್ನ ಹೆಸರು ಹಿಡಿದು ಕೂಗಿದಳು. ವನಜೀ. ನನಗೆ ಚೆನ್ನಾಗಿ ಕೇಳಿಸಿತು. ಆಟ ಶುರುವಾಯಿತು ಎಂದು ಉಸಿರು ಬಿಗಿಹಿಡಿದು ಕೂತೆ. ಎರಡನೆಯದು ಬಂತು. ಬಾಯಿಯ ಒಂದು ಪಕ್ಕ ಸಡಿಲ ಬಿಟ್ಟ ದನಿ, ನೀರೊಳಗಿಂದ ಬಂದ ಹಾಗೆ, ಕೊನೆಯ ಅಕ್ಷರವೇ ಇಲ್ಲದೆ. ಆಗ ನನಗೆ ಇದು ಆಟ ಅಲ್ಲ ಅನ್ನಿಸಿತು. ಅತ್ತೆ ಹೇಳಿದ ಹೆಂಗಸೇ ಬಂದಿದ್ದಾಳೆ ಅನ್ನಿಸಿತು. ಮೂರನೆಯದಕ್ಕೆ ಕಾದೆ. ಗೂಡ್ಸ್ ಗಾಡಿ ಬಂತು, ಒಳಗೆ ಲೋಟಗಳು ಅಲುಗಿದವು, ನಾನು ಡಬ್ಬಿಗಳನ್ನು ಎಣಿಸಿದೆ. ಗಾಡಿ ದಾಟಿತು. ಹಿತ್ತಲಲ್ಲಿ ಯಾವ ಸದ್ದೂ ಇರಲಿಲ್ಲ.

ಮುಂದಿನದನ್ನು ಬರೆಯಲು ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ. ನನಗೆ ಹೆಮ್ಮೆಯಾಯಿತು. ದೆವ್ವವನ್ನು ಸೋಲಿಸಿದೆ, ಅತ್ತೆ ಬಂದ ಕೂಡಲೇ ಹೇಳಬೇಕು, ಅವಳು ಭೇಷ್ ಅಂತಾಳೆ ಎಂದುಕೊಂಡೆ. ಹೇಗೆ ಹೇಳಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಮನಸ್ಸಿನಲ್ಲೇ ಕಥೆ ಕಟ್ಟುತ್ತಾ ಕೂತೆ. ಅದೇ ನಾನು ಕಟ್ಟಿದ ಮೊದಲ ಕಥೆ. ಮಧ್ಯೆ ಎದ್ದು ನೋಡಲು ಧೈರ್ಯ ಸಾಲಲಿಲ್ಲ, ಆದ್ದರಿಂದ ಕೈ ನಿಲ್ಲಿಸದೆ ಬಿಡಿಸಿದೆ. ಒಂದು ಕಾಳೂ ಬೇಳೆಯಾಗಲಿಲ್ಲ. ನಾಲ್ಕು ಗಂಟೆಯ ಬಸ್ಸಿಗೆ ಅಮ್ಮ ಬಂದು, ಕಾಲು ತೊಳೆಯಲು ಹಿತ್ತಲಿಗೆ ಹೋದವಳು ಅಲ್ಲಿಂದಲೇ ಕಿರುಚಿದಳು. ಅತ್ತೆ ಒಗೆಯುವ ಕಲ್ಲಿನ ಬುಡದಲ್ಲಿ ಬಿಸಿಲಿಗೆ ಬಿದ್ದಿದ್ದಳು. ಕಣ್ಣು ತೆರೆದೇ ಇತ್ತು. ಮೆಟ್ಟಿಲ ಕಡೆಗೆ ತಿರುಗಿತ್ತು.

ಚಿತ್ರದುರ್ಗದ ಆಸ್ಪತ್ರೆಯಲ್ಲಿ, ಲಕ್ವ ಹೊಡೆದಿದೆ ಅಂದ ಡಾಕ್ಟರು ಕೇಳಿದ್ದು ಒಂದೇ ಮಾತು. ಎಷ್ಟು ಹೊತ್ತಿಗೆ ಬಿದ್ದರು? ಅಮ್ಮನಿಗೆ ಗೊತ್ತಿರಲಿಲ್ಲ. ಅಪ್ಪ ನನ್ನ ಮುಂದೆ ಕುಕ್ಕರಗಾಲಿನಲ್ಲಿ ಕೂತ.

“ಮಗಾ, ನಿಂಗೇನಾರ ಸದ್ದು ಕೇಳಿಸ್ತೇನಮ್ಮ?”

ಗೂಡ್ಸ್ ಗಾಡಿ ಬರುವ ಸ್ವಲ್ಪ ಮುಂಚೆ ಎಂದು ಹೇಳಿದ್ದರೆ ಸಾಕಿತ್ತು. ಆ ಗಾಡಿಗೆ ಪಾಯಿಂಟ್ ಹಾಕಿದವನು ಅಪ್ಪನೇ, ಹೊತ್ತನ್ನು ನಿಮಿಷದ ಲೆಕ್ಕದಲ್ಲಿ ಹೇಳಿಬಿಡುತ್ತಿದ್ದ. ನಾನು ಇಲ್ಲ ಎಂದು ತಲೆಯಾಡಿಸಿದೆ. ಮದುವೆಯಿಂದ ಬಂದ ಮುಮ್ತಾಜ್ ಮಾತ್ರ ನನ್ನ ಮುಖವನ್ನೇ ನೋಡುತ್ತಾ, ಯಾಕೆ ವನಜಾ, ಅತ್ತೆ ನಿನ್ನ ಕೂಗ್ಲೇ ಇಲ್ವಾ ಅಂದಳು. ಅವಳಿಗೂ ಇಲ್ಲ ಅಂದೆ. ಅವಳು ಮತ್ತೆ ಕೇಳಲಿಲ್ಲ. ಮತ್ತೆ ಶೇಂಗಾ ಬಿಡಿಸಲೂ ಬರಲಿಲ್ಲ. ಎಷ್ಟೋ ವರ್ಷಗಳಾದ ಮೇಲೆ ಪರಿಚಯದ ಡಾಕ್ಟರೊಬ್ಬರು, ಆ ಕಾಲದಲ್ಲಿ ಬೇಗ ಕರೆದೊಯ್ದಿದ್ದರೂ ಹೆಚ್ಚೇನೂ ಮಾಡಲಾಗುತ್ತಿರಲಿಲ್ಲ ಎಂದು ನನಗೆ ಸಮಾಧಾನ ಹೇಳಿದರು. ಇರಬಹುದು. ಆದರೆ ಒಬ್ಬರು ಬಂದು ಅವಳ ತಲೆಯನ್ನು ಕಾದ ಕಲ್ಲಿನ ಬುಡದಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಳ್ಳಬಹುದಿತ್ತು. ಅದಕ್ಕೆ ಯಾವ ಕಾಲದಲ್ಲೂ ಔಷಧಿ ಬೇಕಾಗಿರಲಿಲ್ಲ.

ಅತ್ತೆ ಮನೆಗೆ ಬಂದಾಗ ಬಲಗೈ ಬಲಗಾಲು ಹೋಗಿದ್ದವು, ಮಾತು ಹೋಗಿತ್ತು. ಉಳಿದದ್ದು ಗಂಟಲಿನ ಒಂದು ಸದ್ದು: ಹೂಂ. ಹಸಿವಾದರೂ ಹೂಂ, ಬೇಡ ಅಂದರೂ ಹೂಂ. ಅಮ್ಮ, ಅಷ್ಟು ಜಗಳವಾಡುತ್ತಿದ್ದವಳು, ಅವಳ ತಲೆ ಬಾಚಿ, ಮುದ್ದೆಯನ್ನು ಗೋಲಿಯಷ್ಟು ಮಾಡಿ ನುಂಗಿಸುತ್ತಿದ್ದಳು. ಮುಂದಿನ ಬೇಸಿಗೆಗೆ ಚೀಲ ಬಂತು. ಅತ್ತೆ ಗೋಡೆಗೆ ಒರಗಿ, ಎಡಗೈ ಹೆಬ್ಬೆರಳಿನಿಂದ ಕಾಯನ್ನು ನೆಲಕ್ಕೆ ಒತ್ತಿ ಬಿಡಿಸಲು ಕಲಿತಳು. ಆ ಮಧ್ಯಾಹ್ನಗಳ ಮೌನ ಸಹಿಸಲಾಗುತ್ತಿರಲಿಲ್ಲ. ಒಂದು ದಿನ ಅಮ್ಮನೇ ಬೇಡಿಕೊಂಡಳು.

“ನೀನಾದ್ರೂ ಏನಾರ ಹೇಳೇ ಅವ್ಳಿಗೆ. ಕೇಳೋಕೆ ಕಿವಿ ಅವೆ, ಹೂಂ ಅನ್ನೋಕೆ ಬಾಯೈತೆ.”

ಹಾಗೆ ನಾನು ಹೇಳುವವಳಾದೆ, ಅವಳು ಹೂಂಗುಟ್ಟುವವಳಾದಳು. ಕಟುಕರ ಹಾಗೆ ಕಲಿಸಿದಳು. ನಾನು ದೆವ್ವವನ್ನು ಬೇಗ ತಂದರೆ ಹೂಂ ಬರುತ್ತಿರಲಿಲ್ಲ. ಅದಕ್ಕೆ ಕೋರೆಹಲ್ಲು ಹಚ್ಚಿದರೆ ಮುಖ ತಿರುಗಿಸುತ್ತಿದ್ದಳು. ಹಿಂದಕ್ಕೆ ಹೋಗಿ ಮತ್ತೆ ಹೇಳಬೇಕಾಗುತ್ತಿತ್ತು. ಚೆನ್ನಾಗಿ ಹೇಳಿದರೂ ಅವಳು ಕೂಡಲೇ ಹೂಂ ಅಂದವಳಲ್ಲ. ಒಂದು ಕಾಯಿ ಬಿಡಿಸಿ, ಕಾಳನ್ನು ಮೊರಕ್ಕೆ ಹಾಕಿ, ಇನ್ನೊಂದಕ್ಕೆ ಕೈ ಹಾಕಿ, ಆಮೇಲೆ ಅನ್ನುತ್ತಿದ್ದಳು. ಗೂಡ್ಸ್ ಗಾಡಿಯಷ್ಟು ಉದ್ದ ಕಾಯಿಸಿದ್ದೂ ಉಂಟು. ಆ ಹೂಂಗಾಗಿ ನಾನು ಒಂಬತ್ತು ಬೇಸಿಗೆ ಕಥೆ ಕಟ್ಟಿದೆ. ಮಧ್ಯಾಹ್ನದ ಹೆಂಗಸಿನ ಕಥೆಯನ್ನು ಮಾತ್ರ ಒಂದು ಸಲವೂ ಹೇಳಲಿಲ್ಲ. ಅವಳಿಗೆ ಗೊತ್ತಿದೆಯೋ ಇಲ್ಲವೋ ಎಂಬ ಪ್ರಶ್ನೆ ನಮ್ಮಿಬ್ಬರ ನಡುವಿನ ಮೊರದಲ್ಲಿ ದಿನವೂ ಇರುತ್ತಿತ್ತು. ಆಟ ಎಂದುಕೊಂಡು ನಾನು ಬರಲಿಲ್ಲ ಅಂದುಕೊಂಡಳೋ, ನಿದ್ದೆ ಹೋಗಿದ್ದೆ ಅಂದುಕೊಂಡಳೋ, ತನ್ನ ಕಥೆಯೇ ತನ್ನನ್ನು ತಿಂದಿತು ಅಂದುಕೊಂಡಳೋ. ಕೇಳಿದರೆ ಅವಳಿಗೆ ಹೇಳಲು ಬರುತ್ತಿರಲಿಲ್ಲ. ಆ ಧೈರ್ಯದ ಮೇಲೇ ನಾನು ಬದುಕಿದ್ದೆ ಅಂದರೂ ತಪ್ಪಿಲ್ಲ.

ಟೀಚರ್ ಟ್ರೈನಿಂಗಿಗೆ ಚಿತ್ರದುರ್ಗದಲ್ಲಿ ಸೀಟು ಸಿಕ್ಕಿತು. ನಾಳೆ ಬೆಳಿಗ್ಗೆ ಹೊರಡಬೇಕು ಅನ್ನುವ ದಿನ, ಊಟವಾದ ಮೇಲೆ, ಮೊರ ಎಳೆದುಕೊಂಡು ಅವಳ ಮುಂದೆ ಕೂತೆ. ಮುಂದಿನ ಬಿತ್ತನೆಯ ಹೊತ್ತಿಗೆ ಅವಳು ಇರಲಿಲ್ಲ, ಹಾಗಾಗಿ ಅದೇ ನಾನು ಅವಳಿಗೆ ಹೇಳಿದ ಕೊನೆಯ ಕಥೆ. ಎಲ್ಲಿ ನಿಲ್ಲಿಸಬೇಕು ಎಂದು ಹಿಂದಿನ ದಿನವೆಲ್ಲ ಲೆಕ್ಕ ಹಾಕಿದ್ದೆ. ಹೇಳಿ ಮುಗಿಸಿದ ಮೇಲೆ ಅವಳು ಎಷ್ಟು ಹೊತ್ತು ಸುಮ್ಮನಿದ್ದರೂ ತಡೆದುಕೊಳ್ಳಬೇಕು, ಒಂಬತ್ತು ವರ್ಷ ಅವಳನ್ನು ಕಾಯಿಸಿದ್ದೇನೆ, ಅವಳು ಒಂದು ದಿನವಿಡೀ ಕಾಯಿಸಿದರೂ ಸಲ್ಲುತ್ತದೆ ಎಂದುಕೊಂಡಿದ್ದೆ.

“ಇಂಥದ್ದೇ ಒಂದು ಮನೆ ಅತ್ತೆ,” ಎಂದೆ.

ಅವಳು ಒಂದು ಕಾಯಿ ಬಿಡಿಸಿ, ಇನ್ನೊಂದಕ್ಕೆ ಕೈ ಹಾಕಿ, ಆಮೇಲೆ ಹೂಂ ಅಂದಳು.

“ಹಿಂಗೇ ಮಧ್ಯಾಹ್ನ. ಒಳಗೆ ಒಬ್ಳು ಹುಡ್ಗಿ ಶೇಂಗಾ ಬಿಡಿಸ್ತಾ ಕುಂತಿದ್ಲು. ಹಿತ್ತಲಾಗಿಂದ ಅವ್ಳ ಹೆಸ್ರು ಹಿಡ್ದು ಕೂಗಿದ್ರು.”

ಅವಳ ಎಡಗೈ ಕಾಯಿಯ ಮೇಲೆ ನಿಂತಿತು. ಹೂಂ ಬರಲಿಲ್ಲ. ನಾನು ತಲೆ ಎತ್ತಲಿಲ್ಲ, ಎತ್ತಿದ್ದರೆ ಮುಂದಕ್ಕೆ ಹೇಳಲಾಗುತ್ತಿರಲಿಲ್ಲ.

“ಅವ್ಳಿಗೆ ಕೇಳಿಸ್ತು ಅತ್ತೆ. ಎರಡ್ನೇ ಸಲ ಕೂಗಿದ್ದೂ ಕೇಳಿಸ್ತು. ಆ ಹುಡ್ಗಿ…”

ಆ ಹುಡುಗಿ ನಾನೇ ಎಂಬ ಮಾತು ಇನ್ನೂ ಬಾಯಲ್ಲೇ ಇತ್ತು. ಅಷ್ಟರಲ್ಲಿ ಅವಳು ಹೂಂ ಅಂದಳು. ಕಾಯಿ ಬಿಡಿಸಲಿಲ್ಲ, ಮೊರಕ್ಕೆ ಹಾಕಲಿಲ್ಲ, ಒಂದಿಷ್ಟೂ ತಡಮಾಡಲಿಲ್ಲ. ಮಗು ಕರೆದರೆ ಒಳಗಿನಿಂದ ತಾಯಿ ಓಗೊಡುವ ಹಾಗೆ, ನನ್ನ ಮಾತಿನ ಮೇಲೇ ಹೂಂ ಅಂದುಬಿಟ್ಟಳು. ಇಡೀ ಜೀವನ ಕೇಳುವವರನ್ನು ಕಾಯಿಸಿದವಳು ಅವತ್ತು ನನ್ನನ್ನು ಕಾಯಿಸಲಿಲ್ಲ. ಗೂಡ್ಸ್ ಗಾಡಿ ಬಂತು. ಒಳಗೆ ಲೋಟಗಳು ಅಲುಗಿದವು. ನಾನು ಅವಳ ಮಡಿಲಿಗೆ ಬಿದ್ದು ಅಳುತ್ತಿದ್ದೆ, ಅದು ಅಮ್ಮನಿಗೆ ಕೇಳಿಸಲಿಲ್ಲ. ಗಾಡಿ ದಾಟುವ ತನಕ ಅತ್ತೆ ಎಡಗೈಯನ್ನು ನನ್ನ ತಲೆಯ ಮೇಲೆ ಇಟ್ಟುಕೊಂಡು, ಒಂದೊಂದು ಡಬ್ಬಿಗೂ ಹೂಂ, ಹೂಂ ಅನ್ನುತ್ತಲೇ ಇದ್ದಳು.